ಲೋಕಸಭೆಯಲ್ಲಿ ಕರ್ನಾಟಕದ ಪಾಲನ್ನು ನೀವೇ ಲೆಕ್ಕ ಹಾಕುವುದು ಹೇಗೆ?

ಕ್ಷೇತ್ರ ಮರುವಿಂಗಡಣೆಯ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: ಕರ್ನಾಟಕದ 28 ಲೋಕಸಭಾ ಸ್ಥಾನಗಳು ಉಳಿಯುತ್ತವೆಯೇ, ಕಡಿಮೆಯಾಗುತ್ತವೆಯೇ, ಹೆಚ್ಚಾಗುತ್ತವೆಯೇ? ಒಂದು ಕಡೆ 27 ಎಂದು ಓದಿದವರು ಇನ್ನೊಂದು ಕಡೆ 37 ಎಂದು ಓದಿ ಗೊಂದಲಕ್ಕೆ ಬೀಳುತ್ತಾರೆ. ಲೆಕ್ಕದ ಮಟ್ಟಿಗೆ ಎರಡೂ ಸರಿ ಇರಬಹುದು. ಯಾವ ಜನಗಣತಿ, ಸದನದ ಗಾತ್ರ ಎಷ್ಟು, ಯಾವ ಸೂತ್ರ ಎಂಬ ಮೂರು ಸಂಗತಿಗಳನ್ನು ಹೇಳದೆ ಬರೀ ಉತ್ತರವನ್ನಷ್ಟೇ ಕೊಟ್ಟಾಗ ಗೊಂದಲ ಹುಟ್ಟುತ್ತದೆ. ಈ ಮೂರನ್ನೂ ಬಿಡಿಸಿಟ್ಟುಕೊಂಡು, ಕಾಗದ ಮತ್ತು ಕ್ಯಾಲ್ಕುಲೇಟರ್ ಹಿಡಿದು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡಬಹುದಾದ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ನಿಮಗೆ ಬೇಕಾದುದು ಇಷ್ಟು: 1971 ಮತ್ತು 2011ರ ಜನಗಣತಿಯ ರಾಜ್ಯವಾರು ಜನಸಂಖ್ಯೆ, ಪ್ರತಿ ರಾಜ್ಯಕ್ಕೆ ಈಗಿರುವ ಲೋಕಸಭಾ ಸ್ಥಾನಗಳ ಸಂಖ್ಯೆ, ಮತ್ತು ಸಂವಿಧಾನದ 81, 82, 170ನೇ ವಿಧಿಗಳ ಇತ್ತೀಚಿನ ಪಠ್ಯ. ಮುಖ್ಯ ಅಂಕಿಗಳನ್ನು ಕೆಳಗೆ ನಾನೇ ಕೊಟ್ಟಿದ್ದೇನೆ. ಬೇರೆ ರಾಜ್ಯಗಳ ಲೆಕ್ಕ ಬೇಕಾದವರು ಅದೇ ಕ್ರಮವನ್ನು ಅನುಸರಿಸಬಹುದು.

ಹಂತ 1: ಎರಡು ಕೆಲಸಗಳನ್ನು ಬೇರೆ ಮಾಡಿ

ಮರುವಿಂಗಡಣೆ ಎಂಬ ಒಂದೇ ಪದದೊಳಗೆ ಎರಡು ಕೆಲಸಗಳು ಅಡಗಿವೆ. ಮೊದಲನೆಯದು ಹಂಚಿಕೆ, ಅಂದರೆ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂದು ನಿರ್ಧರಿಸುವುದು. ಎರಡನೆಯದು ಗಡಿ ಗುರುತಿಸುವುದು, ಅಂದರೆ ರಾಜ್ಯಕ್ಕೆ ಸಿಕ್ಕ ಸ್ಥಾನಗಳನ್ನು ಅದರೊಳಗೆ ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ವಾರ್ಡ್ ಎಲ್ಲಿ ಸೇರಬೇಕು ಎಂದು ನಕ್ಷೆಯ ಮೇಲೆ ಬಿಡಿಸುವುದು.

2008ರಲ್ಲಿ ಜಾರಿಗೆ ಬಂದ ಮರುವಿಂಗಡಣೆಯಲ್ಲಿ ಎರಡನೆಯ ಕೆಲಸ ಮಾತ್ರ ನಡೆಯಿತು. ಕರ್ನಾಟಕದ ಸ್ಥಾನಗಳು ಆಗಲೂ 28, ಈಗಲೂ 28. ಆದರೆ ಪಟ್ಟಿಯಿಂದ ಕನಕಪುರ, ಮಂಗಳೂರು, ಧಾರವಾಡ ದಕ್ಷಿಣ ಎಂಬ ಹೆಸರುಗಳು ಮರೆಯಾಗಿ ಬೆಂಗಳೂರು ಗ್ರಾಮಾಂತರ, ದಕ್ಷಿಣ ಕನ್ನಡ, ಹಾವೇರಿ ಬಂದವು. ಉಡುಪಿ ಮತ್ತು ಚಿಕ್ಕಮಗಳೂರು ಒಂದೇ ಕ್ಷೇತ್ರವಾದವು. ಬೆಂಗಳೂರು ಕೇಂದ್ರ ಹೊಸದಾಗಿ ಹುಟ್ಟಿತು. "ಹಿಂದೆಯೂ ಮರುವಿಂಗಡಣೆ ಆಗಿತ್ತಲ್ಲ, ಆಗ ಏನೂ ಆಗಲಿಲ್ಲವಲ್ಲ" ಎಂದು ಯಾರಾದರೂ ವಾದಿಸಿದರೆ, ಅಂದು ಹಂಚಿಕೆಯನ್ನು ಮುಟ್ಟಿರಲಿಲ್ಲ ಎಂಬುದನ್ನು ನೆನಪಿಸಿ. ರಾಜ್ಯಗಳ ನಡುವಿನ ಹಂಚಿಕೆ ಕೊನೆಯ ಬಾರಿ ಬದಲಾದದ್ದು 1971ರ ಜನಗಣತಿಯ ಆಧಾರದ ಮೇಲೆ.

ಹಂತ 2: ನಿಯಮವನ್ನು ಮೂಲದಲ್ಲೇ ಓದಿ

81ನೇ ವಿಧಿಯ ತಿರುಳು ಸರಳವಾಗಿದೆ. ಪ್ರತಿ ರಾಜ್ಯಕ್ಕೆ ಕೊಡುವ ಸ್ಥಾನಗಳಿಗೂ ಆ ರಾಜ್ಯದ ಜನಸಂಖ್ಯೆಗೂ ಇರುವ ಅನುಪಾತ, ಸಾಧ್ಯವಾದಷ್ಟು ಮಟ್ಟಿಗೆ, ಎಲ್ಲ ರಾಜ್ಯಗಳಲ್ಲೂ ಒಂದೇ ಆಗಿರಬೇಕು. ಜನಸಂಖ್ಯೆ 60 ಲಕ್ಷ ಮೀರದ ರಾಜ್ಯಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ರಾಜ್ಯಗಳಿಂದ 530, ಕೇಂದ್ರಾಡಳಿತ ಪ್ರದೇಶಗಳಿಂದ 20 ಸದಸ್ಯರನ್ನು ಮೀರುವಂತಿಲ್ಲ ಎಂಬ ಮಿತಿಯೂ ಅಲ್ಲೇ ಇದೆ. ಪ್ರತಿ ಜನಗಣತಿಯ ಬಳಿಕ ಹಂಚಿಕೆಯನ್ನು ಮರುಹೊಂದಿಸಬೇಕೆಂದು 82ನೇ ವಿಧಿ ಹೇಳುತ್ತದೆ.

ಹೀಗಾಗಿಯೇ 1951ರ ಜನಗಣತಿಯ ಬಳಿಕ 494 ಇದ್ದ ಸ್ಥಾನಗಳು 1961ರ ಬಳಿಕ 522, 1971ರ ಬಳಿಕ 543 ಆದವು. ಅಂದಿನ ಮೈಸೂರು ರಾಜ್ಯ 26ರಿಂದ 27ಕ್ಕೆ, ಮುಂದೆ ಕರ್ನಾಟಕವಾಗಿ 28ಕ್ಕೆ ಏರಿತು. ಅದೇ ಅವಧಿಯಲ್ಲಿ ಮದ್ರಾಸ್ ರಾಜ್ಯ 41ರಿಂದ 39ಕ್ಕೆ ಇಳಿಯಿತು. ಯಾವ ರಾಜ್ಯವೂ ಸ್ಥಾನ ಕಳೆದುಕೊಂಡ ಉದಾಹರಣೆಯೇ ಇಲ್ಲ ಎನ್ನುವವರು ಈ ಅಂಕಿಯನ್ನು ಗಮನಿಸಬೇಕು. ತಮಿಳುನಾಡಿನಲ್ಲಿ ಈ ವಿಷಯ ಅಷ್ಟು ಬೇಗ ಬಿಸಿಯೇರುವುದರ ಹಿಂದೆ ಈ ನೆನಪೂ ಇದೆ ಎಂದು ನನಗೆ ಅನ್ನಿಸುತ್ತದೆ.

1976ರ 42ನೇ ತಿದ್ದುಪಡಿ ಈ ಹಂಚಿಕೆಯನ್ನು ತಡೆಹಿಡಿಯಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಜಾರಿಗೆ ತಂದ ರಾಜ್ಯ ಅದೇ ಕಾರಣಕ್ಕೆ ಸಂಸತ್ತಿನಲ್ಲಿ ಬಲ ಕಳೆದುಕೊಳ್ಳಬಾರದು ಎಂಬುದು ಅದರ ಹಿಂದಿನ ವಿಚಾರ. 2000ದ ನಂತರದ ಮೊದಲ ಜನಗಣತಿಯವರೆಗೆ ಎಂದಿದ್ದ ಈ ತಡೆಯನ್ನು 84ನೇ ತಿದ್ದುಪಡಿ 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಅಂಶಗಳು ಪ್ರಕಟವಾಗುವವರೆಗೆ ವಿಸ್ತರಿಸಿತು. 2003ರ 87ನೇ ತಿದ್ದುಪಡಿ ರಾಜ್ಯದೊಳಗಿನ ಗಡಿಗಳಿಗೆ ಮಾತ್ರ 2001ರ ಜನಗಣತಿಯನ್ನು ಆಧಾರವಾಗಿಸಿತು. ಅಂದರೆ ಹಂಚಿಕೆಗೆ 1971, ಗಡಿಗೆ 2001: ಎರಡು ಕೆಲಸಕ್ಕೆ ಎರಡು ಜನಗಣತಿ.

ಎಚ್ಚರಿಕೆ: "2026ರಲ್ಲಿ ಮರುವಿಂಗಡಣೆ" ಎಂಬ ಮಾತು ತಪ್ಪು ಅರ್ಥ ಕೊಡುತ್ತದೆ. ಸಂವಿಧಾನದ ಪಠ್ಯದಲ್ಲಿ 2026 ಎಂಬುದು ಮರುವಿಂಗಡಣೆಯ ವರ್ಷವಲ್ಲ. ಆ ವರ್ಷದ ನಂತರ ಎಣಿಕೆ ನಡೆದು, ಅಂಕಿಗಳು ಪ್ರಕಟವಾಗಿ, ಬಳಿಕ ಸಂಸತ್ತು ಕಾಯ್ದೆ ಮಾಡಿ, ಆಯೋಗ ರಚನೆಯಾಗಬೇಕು. 2025ರ ಜೂನ್ ತಿಂಗಳ ಅಧಿಸೂಚನೆಯ ಪ್ರಕಾರ ದೇಶದ ಬಹುಭಾಗಕ್ಕೆ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಸಂಸತ್ತು ಈ ವಿಧಿಗಳನ್ನು ಯಾವಾಗ ಬೇಕಾದರೂ ತಿದ್ದಬಹುದಾದ್ದರಿಂದ, ಮುಂದಿನ ಹಂತಕ್ಕೆ ಹೋಗುವ ಮೊದಲು 81ನೇ ವಿಧಿಯ 3ನೇ ಉಪವಿಧಿಯ ಇಂದಿನ ಪಠ್ಯವನ್ನು ಒಮ್ಮೆ ತೆರೆದು ನೋಡಿ.

ಹಂತ 3: 1971ರ ಲೆಕ್ಕದಿಂದ ಆರಂಭಿಸಿ

ರಾಜ್ಯದ ಜನಸಂಖ್ಯೆಯನ್ನು ಅದರ ಸ್ಥಾನಗಳಿಂದ ಭಾಗಿಸಿ. ಬರುವ ಉತ್ತರವೇ ಒಬ್ಬ ಸಂಸದ ಪ್ರತಿನಿಧಿಸುವ ಸರಾಸರಿ ಜನಸಂಖ್ಯೆ. 1971ರಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಇದನ್ನು 28ರಿಂದ ಭಾಗಿಸಿದರೆ ಸುಮಾರು 10.46 ಲಕ್ಷ.

ಇದೇ ಲೆಕ್ಕವನ್ನು ಬೇರೆ ರಾಜ್ಯಗಳಿಗೆ ಮಾಡಿ ನೋಡಿ. ತಮಿಳುನಾಡು 4.12 ಕೋಟಿ, 39 ಸ್ಥಾನ: 10.56 ಲಕ್ಷ. ಕೇರಳ 2.13 ಕೋಟಿ, 20 ಸ್ಥಾನ: 10.67 ಲಕ್ಷ. ರಾಜಸ್ಥಾನ 2.58 ಕೋಟಿ, 25 ಸ್ಥಾನ: 10.31 ಲಕ್ಷ. ಅಂದಿನ ಅವಿಭಜಿತ ಉತ್ತರ ಪ್ರದೇಶ 8.83 ಕೋಟಿ, 85 ಸ್ಥಾನ: 10.39 ಲಕ್ಷ. ಅವಿಭಜಿತ ಬಿಹಾರ 5.64 ಕೋಟಿ, 54 ಸ್ಥಾನ: 10.44 ಲಕ್ಷ.

ಇಲ್ಲಿ ಸ್ವಲ್ಪ ನಿಲ್ಲಿ. ಕೊಲ್ಲಂನ ಮತದಾರನೂ ಜೋಧಪುರದ ಮತದಾರನೂ ಕಲಬುರಗಿಯ ಮತದಾರನೂ ಅಂದು ಹೆಚ್ಚುಕಡಿಮೆ ಒಂದೇ ತೂಕದವರಾಗಿದ್ದರು. ಹತ್ತೂವರೆ ಲಕ್ಷ ಜನರಿಗೆ ಒಬ್ಬ ಸಂಸದ. ಸಂವಿಧಾನ ಬಯಸಿದ್ದ ಸಮಾನತೆ ಎಂದರೆ ಇದೇ, ಮತ್ತು ಅದು ಒಂದು ಕಾಲಕ್ಕೆ ನಿಜವಾಗಿಯೂ ಇತ್ತು.

ಎಚ್ಚರಿಕೆ: 1971ರ ಅಂಕಿಗಳನ್ನು ಬಳಸುವಾಗ ಅಂದಿನ ರಾಜ್ಯಗಳ ಗಡಿ ಯಾವುದಿತ್ತೆಂದು ನೋಡಿಕೊಳ್ಳಿ. ಅವಿಭಜಿತ ಉತ್ತರ ಪ್ರದೇಶದ ಜನಸಂಖ್ಯೆಯನ್ನು ಇಂದಿನ 80 ಸ್ಥಾನಗಳಿಂದ ಭಾಗಿಸಿದರೆ, ಉತ್ತರಾಖಂಡಕ್ಕೆ ಹೋದ 5 ಸ್ಥಾನಗಳು ತಪ್ಪಿಹೋಗಿ, ಇಲ್ಲದ ಅನ್ಯಾಯವೊಂದು ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಹಂತ 4: ಅದೇ ಲೆಕ್ಕವನ್ನು 2011ಕ್ಕೆ ಮಾಡಿ

ಸ್ಥಾನಗಳು ಅವೇ, ಜನಸಂಖ್ಯೆ ಮಾತ್ರ ಬದಲು. ಭಾರತದ ಜನಸಂಖ್ಯೆ 121 ಕೋಟಿ. 543 ಸ್ಥಾನಗಳಿಂದ ಭಾಗಿಸಿದರೆ ರಾಷ್ಟ್ರೀಯ ಸರಾಸರಿ ಸುಮಾರು 22.3 ಲಕ್ಷ. ಈಗ ರಾಜ್ಯಗಳನ್ನು ಒಂದರ ಪಕ್ಕ ಒಂದು ಇಡಿ:

ಕೇರಳ: 3.34 ಕೋಟಿ, 20 ಸ್ಥಾನ, ಸಂಸದನೊಬ್ಬನಿಗೆ 16.7 ಲಕ್ಷ.
ತಮಿಳುನಾಡು: 7.21 ಕೋಟಿ, 39 ಸ್ಥಾನ, 18.5 ಲಕ್ಷ.
ಕರ್ನಾಟಕ: 6.11 ಕೋಟಿ, 28 ಸ್ಥಾನ, 21.8 ಲಕ್ಷ.
ಉತ್ತರ ಪ್ರದೇಶ: 19.98 ಕೋಟಿ, 80 ಸ್ಥಾನ, 25 ಲಕ್ಷ.
ಬಿಹಾರ: 10.41 ಕೋಟಿ, 40 ಸ್ಥಾನ, 26 ಲಕ್ಷ.
ರಾಜಸ್ಥಾನ: 6.85 ಕೋಟಿ, 25 ಸ್ಥಾನ, 27.4 ಲಕ್ಷ.

ನಲವತ್ತು ವರ್ಷಗಳಲ್ಲಿ ಹತ್ತೂವರೆ ಲಕ್ಷದ ಆ ಸಮಾನತೆ ಹೀಗೆ ಒಡೆದುಹೋಗಿದೆ. ಕೇರಳದಲ್ಲಿ ಒಬ್ಬ ಸಂಸದನನ್ನು ಕಳುಹಿಸುವಷ್ಟು ಜನರಿಗೆ ರಾಜಸ್ಥಾನದಲ್ಲಿ ಮುಕ್ಕಾಲು ಸಂಸದನೂ ಸಿಗುವುದಿಲ್ಲ. ರಾಜಸ್ಥಾನದ ಪ್ರಜೆ ಇದನ್ನು ಅನ್ಯಾಯ ಎಂದರೆ ಆತನ ಮಾತಿನಲ್ಲಿ ಸತ್ಯವಿದೆ. ರಾಷ್ಟ್ರೀಯ ಗುರಿಯೊಂದನ್ನು ಮೊದಲು ಮುಟ್ಟಿದ್ದಕ್ಕೆ ದಂಡ ತೆರಬೇಕೇ ಎಂದು ಕೇರಳದ ಪ್ರಜೆ ಕೇಳಿದರೆ ಅದರಲ್ಲೂ ಅಷ್ಟೇ ಸತ್ಯವಿದೆ. ಎರಡರಲ್ಲಿ ಒಂದನ್ನು ಸುಳ್ಳೆಂದು ತಳ್ಳಿಹಾಕುವ ಬರಹಗಳನ್ನು ಅನುಮಾನದಿಂದಲೇ ಓದಿ.

ಕರ್ನಾಟಕದ ಸಾಲನ್ನು ವಿಶೇಷವಾಗಿ ಗಮನಿಸಿ. ನಮ್ಮ 21.8 ಲಕ್ಷ ರಾಷ್ಟ್ರೀಯ ಸರಾಸರಿಯ ಬಳಿಯೇ ಇದೆ. "ದಕ್ಷಿಣದ ರಾಜ್ಯಗಳು" ಎಂದು ಒಟ್ಟಿಗೆ ಹೇಳುವಾಗ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. 2001ರಿಂದ 2011ರ ನಡುವೆ ಕೇರಳದ ಜನಸಂಖ್ಯೆ ಶೇ 4.9ರಷ್ಟು ಬೆಳೆದರೆ ಕರ್ನಾಟಕದ್ದು ಶೇ 15.6ರಷ್ಟು ಬೆಳೆಯಿತು, ದೇಶದ ಸರಾಸರಿ ಶೇ 17.7. ಆದರೆ ಮುಂದಿನ ದಿನಗಳ ಬಗ್ಗೆ ನಿಶ್ಚಿಂತೆಯಿಂದ ಇರುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಜೀವಿತಾವಧಿಯಲ್ಲಿ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, ಬಿಹಾರದಲ್ಲಿ 3, ದೇಶದಲ್ಲಿ 2, ಕರ್ನಾಟಕದಲ್ಲಿ 1.7. ಕೇರಳದ 1.8ಕ್ಕಿಂತಲೂ ನಮ್ಮದು ಕಡಿಮೆ.

ಹಂತ 5: 543 ಸ್ಥಾನಗಳನ್ನೇ ಮರುಹಂಚಿ ನೋಡಿ

ಸೂತ್ರ ಇದು: ರಾಜ್ಯದ ಜನಸಂಖ್ಯೆಯನ್ನು ದೇಶದ ಜನಸಂಖ್ಯೆಯಿಂದ ಭಾಗಿಸಿ, ಒಟ್ಟು ಸ್ಥಾನಗಳಿಂದ ಗುಣಿಸಿ. ಕರ್ನಾಟಕಕ್ಕೆ ಹೀಗೆ ಮಾಡಿದರೆ 6.11ನ್ನು 121.09ರಿಂದ ಭಾಗಿಸಿ 543ರಿಂದ ಗುಣಿಸಬೇಕು, ಉತ್ತರ 27.4. ಒಂದು ಕಡೆ ನೀವು ಓದಿದ್ದ 27 ಇದೇ ದಾರಿಯಿಂದ ಬಂದದ್ದು.

ಇದೇ ಕ್ರಮದಲ್ಲಿ ಕೇರಳ 15ಕ್ಕೆ, ತಮಿಳುನಾಡು 32ಕ್ಕೆ, ಆಂಧ್ರ ಮತ್ತು ತೆಲಂಗಾಣ ಸೇರಿ 42ರಿಂದ 38ಕ್ಕೆ ಇಳಿಯುತ್ತವೆ. ಉತ್ತರ ಪ್ರದೇಶ 90ರ, ಬಿಹಾರ 47ರ, ರಾಜಸ್ಥಾನ 31ರ ಆಸುಪಾಸಿಗೆ ಏರುತ್ತವೆ. ದಕ್ಷಿಣದ ಐದು ರಾಜ್ಯಗಳ 129 ಸ್ಥಾನಗಳು 112ರಷ್ಟಾಗುತ್ತವೆ; ಈ ಇಳಿಕೆಯಲ್ಲಿ ಕರ್ನಾಟಕದ ಪಾಲು ಒಂದೇ ಸ್ಥಾನ.

ಎಚ್ಚರಿಕೆ: ಈ ಉತ್ತರಗಳು ಸ್ಥೂಲವಾದವು. ಸಿಕ್ಕಿಂ, ಮಿಜೋರಾಂ, ಗೋವಾದಂತಹ ಸಣ್ಣ ರಾಜ್ಯಗಳೂ ಕೇಂದ್ರಾಡಳಿತ ಪ್ರದೇಶಗಳೂ ಜನಸಂಖ್ಯೆಯ ಲೆಕ್ಕಕ್ಕಿಂತ ಹೆಚ್ಚು ಸ್ಥಾನ ಪಡೆದಿವೆ. ಸುಮಾರು 64 ಸಾವಿರ ಜನರಿರುವ ಲಕ್ಷದ್ವೀಪಕ್ಕೂ ಒಬ್ಬ ಸಂಸದ ಇರಲೇಬೇಕು, ಇರುವುದು ಸರಿಯೂ ಹೌದು. ಅವರಿಗೆ ಕೊಟ್ಟು ಉಳಿದದ್ದನ್ನು ದೊಡ್ಡ ರಾಜ್ಯಗಳು ಹಂಚಿಕೊಳ್ಳಬೇಕಾಗುವುದರಿಂದ ಉತ್ತರ ಪ್ರದೇಶದಂತಹ ರಾಜ್ಯದ ಸಂಖ್ಯೆ ಒಂದೆರಡು ಕಡಿಮೆಯಾಗಬಹುದು. ದಶಮಾಂಶವನ್ನು ಹೇಗೆ ಪೂರ್ಣಾಂಕಕ್ಕೆ ತರಬೇಕೆಂಬ ಸೂತ್ರವನ್ನೂ ಸಂವಿಧಾನ ಹೇಳಿಲ್ಲ. ಆದ್ದರಿಂದ ಒಂದು ಸ್ಥಾನದ ವ್ಯತ್ಯಾಸಕ್ಕೆ ವಾದಕ್ಕಿಳಿಯಬೇಡಿ.

ಹಂತ 6: ಸದನ ದೊಡ್ಡದಾದರೆ ಸಂಖ್ಯೆ ಬಿಟ್ಟು ಪಾಲು ನೋಡಿ

ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ.

ಯಾವ ರಾಜ್ಯದ ಸ್ಥಾನವೂ ಕಡಿಮೆಯಾಗಬಾರದು, ಆದರೆ ಜನಸಂಖ್ಯೆಯ ಅನುಪಾತವೂ ಸಮನಾಗಬೇಕು ಎಂದು ಹಟ ಹಿಡಿದರೆ ಉಳಿಯುವ ದಾರಿ ಸದನವನ್ನೇ ಹಿಗ್ಗಿಸುವುದು. ಎಷ್ಟು ಹಿಗ್ಗಿಸಬೇಕು? ದೊಡ್ಡ ರಾಜ್ಯಗಳ ಪೈಕಿ ಅತಿ ಕಡಿಮೆ ಸರಾಸರಿ ಇರುವ ಕೇರಳವನ್ನು 20ರಲ್ಲೇ ಇಟ್ಟು, ಅದರ 16.7 ಲಕ್ಷವನ್ನು ಎಲ್ಲರಿಗೂ ಅನ್ವಯಿಸಿ. 121 ಕೋಟಿಯನ್ನು 16.7 ಲಕ್ಷದಿಂದ ಭಾಗಿಸಿದರೆ ಸುಮಾರು 725 ಸ್ಥಾನಗಳು. ಆಗ ಕರ್ನಾಟಕಕ್ಕೆ 37, ತಮಿಳುನಾಡಿಗೆ 43, ಬಿಹಾರಕ್ಕೆ 62, ಉತ್ತರ ಪ್ರದೇಶಕ್ಕೆ 120. ನೀವು ಓದಿದ್ದ 37 ಬಂದದ್ದು ಇಲ್ಲಿಂದ.

28 ಇದ್ದದ್ದು 37 ಆಯಿತೆಂದರೆ ಲಾಭವಾದಂತೆ ಕಾಣುತ್ತದೆ. ಈಗ ಪಾಲು ಹಾಕಿ ನೋಡಿ. ಇಂದು 543ರಲ್ಲಿ 28 ಎಂದರೆ ಶೇ 5.16. 725ರಲ್ಲಿ 37 ಎಂದರೆ ಶೇ 5.1. ದಶಮಾಂಶವನ್ನು ಪೂರ್ಣಾಂಕಕ್ಕೆ ತರದೆ ಲೆಕ್ಕ ಹಾಕಿದರೆ ಇನ್ನೂ ಕಡಿಮೆ, ಶೇ 5.05. ಕೇರಳದ ಪಾಲು ಶೇ 3.68ರಿಂದ 2.76ಕ್ಕೆ ಬೀಳುತ್ತದೆ, ಒಂದು ಸ್ಥಾನವನ್ನೂ "ಕಳೆದುಕೊಳ್ಳದೆ". ಉತ್ತರ ಪ್ರದೇಶದ ಪಾಲು ಶೇ 14.7ರಿಂದ 16.5ಕ್ಕೆ ಏರುತ್ತದೆ. ಸಂಸತ್ತಿನಲ್ಲಿ ಮಸೂದೆ ಗೆಲ್ಲುವುದು, ಸರ್ಕಾರ ನಿಲ್ಲುವುದು ಬಹುಮತದ ಮೇಲೆ. ಬಹುಮತ ಎಂದರೆ ಪಾಲಿನ ಲೆಕ್ಕ. 543ರ ಸದನದಲ್ಲಿ ಬಹುಮತಕ್ಕೆ 272 ಬೇಕು, 725ರಲ್ಲಿ 363 ಬೇಕು. 28 ಜನ ಹಿಂದೆ ಎತ್ತುತ್ತಿದ್ದ ಭಾರವನ್ನು ಅಲ್ಲಿ 37 ಜನ ಎತ್ತಬೇಕಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಜನಸಂಖ್ಯೆಯನ್ನು ಬದಿಗಿಟ್ಟು, ಈಗಿರುವ ಸ್ಥಾನಗಳನ್ನೇ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸುವುದು. ಎಲ್ಲರಿಗೂ ಅರ್ಧದಷ್ಟು ಹೆಚ್ಚಿಸಿದರೆ ಕರ್ನಾಟಕ 42, ಕೇರಳ 30, ಉತ್ತರ ಪ್ರದೇಶ 120. ಎಲ್ಲರ ಪಾಲೂ ಇದ್ದಲ್ಲೇ ಇರುತ್ತದೆ. ಉತ್ತರ ಪ್ರದೇಶ ಎರಡೂ ಸೂತ್ರಗಳಲ್ಲಿ 120ಕ್ಕೇ ಬಂದು ನಿಂತದ್ದನ್ನು ನೋಡಿ: ಸಂಖ್ಯೆ ಒಂದೇ, ಆದರೆ ಮೊದಲನೆಯದರಲ್ಲಿ ಕೇರಳ 20, ಎರಡನೆಯದರಲ್ಲಿ 30.

ಕೇಂದ್ರ ಗೃಹ ಸಚಿವ ಅಮಿತ್ ಶಾ 2025ರ ಫೆಬ್ರುವರಿಯಲ್ಲಿ ಕೊಯಮತ್ತೂರಿನಲ್ಲಿ ಮಾತನಾಡುತ್ತಾ, ಪ್ರಮಾಣಾನುಸಾರ ನಡೆಯುವ ಹಂಚಿಕೆಯಲ್ಲಿ ದಕ್ಷಿಣದ ಯಾವ ರಾಜ್ಯವೂ ಒಂದು ಸ್ಥಾನವನ್ನೂ ಕಳೆದುಕೊಳ್ಳುವುದಿಲ್ಲ ಎಂದರು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಚೆನ್ನೈನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕರೆದ ಸಭೆ, ತಡೆಯನ್ನು ಇನ್ನೂ 25 ವರ್ಷ ಮುಂದುವರಿಸಬೇಕೆಂದು ಕೇಳಿತು. ಕರ್ನಾಟಕದಿಂದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆ ಸಭೆಯಲ್ಲಿದ್ದರು. ಇಂತಹ ಹೇಳಿಕೆಗಳನ್ನು ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಪ್ರಮಾಣಾನುಸಾರ" ಎಂದರೆ ಯಾವುದರ ಪ್ರಮಾಣ, ಜನಸಂಖ್ಯೆಯದೋ ಈಗಿನ ಸ್ಥಾನಗಳದೋ? ಇದಕ್ಕೆ ಉತ್ತರ ಸಿಗುವವರೆಗೆ ಯಾವ ಭರವಸೆಯನ್ನೂ ಅಂಕಿಗೆ ಇಳಿಸಲು ಬರುವುದಿಲ್ಲ.

ಎಚ್ಚರಿಕೆ: 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ಲೋಕಸಭಾ ಸಭಾಂಗಣದಲ್ಲಿ 888 ಆಸನಗಳಿವೆ. ಹಲವರು ಇದನ್ನೇ ಭವಿಷ್ಯದ ಸದಸ್ಯಬಲ ಎಂದು ಬರೆಯುತ್ತಾರೆ. ಆಸನಗಳು ಕಟ್ಟಡದ ಸಾಮರ್ಥ್ಯವನ್ನಷ್ಟೇ ಹೇಳುತ್ತವೆ. 81ನೇ ವಿಧಿಯ 530 ಮತ್ತು 20ರ ಮಿತಿಯನ್ನು ದಾಟಬೇಕಾದರೆ ಸಂವಿಧಾನ ತಿದ್ದುಪಡಿ ಆಗಲೇಬೇಕು, ಮತ್ತು ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯಕ್ಕೆ ಸಂಬಂಧಿಸಿದ ತಿದ್ದುಪಡಿಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆಯೂ ಬೇಕೆಂದು 368ನೇ ವಿಧಿ ಹೇಳುತ್ತದೆ.

ಹಂತ 7: ಈಗ ರಾಜ್ಯದ ಒಳಗೆ ಬನ್ನಿ

ದೆಹಲಿಯ ಚರ್ಚೆಯಲ್ಲಿ ಮುಳುಗಿದವರು ಈ ಹಂತವನ್ನು ಮರೆಯುತ್ತಾರೆ. ಕರ್ನಾಟಕದಲ್ಲಿ 224 ವಿಧಾನಸಭಾ ಕ್ಷೇತ್ರಗಳು, 28 ಲೋಕಸಭಾ ಕ್ಷೇತ್ರಗಳು. ಒಂದೊಂದು ಲೋಕಸಭಾ ಕ್ಷೇತ್ರಕ್ಕೆ ಎಂಟೆಂಟು. ರಾಜ್ಯದ ಒಟ್ಟು ಸಂಖ್ಯೆ ಬದಲಾಗದಿದ್ದರೂ ಜಿಲ್ಲೆಗಳ ನಡುವೆ ಸ್ಥಾನಗಳು ಸರಿದಾಡುತ್ತವೆ.

2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5.285 ಕೋಟಿ. 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 2.36 ಲಕ್ಷ. ಬೆಂಗಳೂರು ನಗರ ಜಿಲ್ಲೆಯ ಅಂದಿನ 65.37 ಲಕ್ಷವನ್ನು ಇದರಿಂದ ಭಾಗಿಸಿ: 27.7. ಆ ಜಿಲ್ಲೆಗೆ 2008ರಲ್ಲಿ ಸಿಕ್ಕಿದ್ದು 28 ಕ್ಷೇತ್ರಗಳು. ಚಿಕ್ಕಮಗಳೂರಿನ 11.41 ಲಕ್ಷವನ್ನು ಭಾಗಿಸಿ: 4.8. ಸಿಕ್ಕಿದ್ದು 5, ಬೀರೂರು ಎಂಬ ಕ್ಷೇತ್ರವೇ ಇಲ್ಲದಾಯಿತು. ಕೊಡಗಿನ 5.48 ಲಕ್ಷವನ್ನು ಭಾಗಿಸಿ: 2.3. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಿದ್ದದ್ದು ಎರಡಾಯಿತು. ನಿಮ್ಮ ಕೈಯಲ್ಲಿರುವ ಸೂತ್ರ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಈಗ ಅದನ್ನೇ 2011ಕ್ಕೆ ಹಾಕಿ. ಕ್ಷೇತ್ರದ ಸರಾಸರಿ 2.73 ಲಕ್ಷಕ್ಕೆ ಏರುತ್ತದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96.2 ಲಕ್ಷ, 35 ಕ್ಷೇತ್ರಗಳಿಗೆ ಅರ್ಹ. ಚಿಕ್ಕಮಗಳೂರಿನ ಜನಸಂಖ್ಯೆ ಆ ಹತ್ತು ವರ್ಷಗಳಲ್ಲಿ ಬೆಳೆಯಲೇ ಇಲ್ಲ, 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಲೆಕ್ಕದಲ್ಲಿ ಬರುವುದು 4.2. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು ಈ ಐದರಲ್ಲಿ ಒಂದು ಹೆಸರು ಅಳಿಸಿಹೋಗುವ ಸಾಧ್ಯತೆ ನಿಜವಾದುದು. ಕಾಡು, ಘಟ್ಟ, ಚದುರಿದ ಮನೆಗಳ ಸೀಮೆಯಲ್ಲಿ ಒಂದು ಕ್ಷೇತ್ರ ಹಿಗ್ಗಿದರೆ ಶಾಸಕನ ಕಚೇರಿ ಮೂವತ್ತು ನಲವತ್ತು ಕಿಲೋಮೀಟರ್ ದೂರ ಸರಿಯುತ್ತದೆ, ಮಳೆಗಾಲದಲ್ಲಿ ಆ ದೂರ ಇನ್ನೂ ಹೆಚ್ಚು. ಉತ್ತರದ ರಾಜ್ಯಗಳ ಎದುರು ನಾವು ಹೂಡುವ ವಾದವನ್ನೇ ಮಲೆನಾಡು ಬೆಂಗಳೂರಿನ ಎದುರು ಹೂಡಬಹುದು. ನಮ್ಮ ರಾಜ್ಯದ ಚರ್ಚೆಯಲ್ಲಿ ಈ ಮಾತು ಇನ್ನಷ್ಟು ಗಟ್ಟಿಯಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಹಂತ 8: ಯಾರನ್ನು ಎಲ್ಲಿ ಎಣಿಸುತ್ತಾರೆಂದು ತಿಳಿದುಕೊಳ್ಳಿ

ಹಂಚಿಕೆಗೆ ಆಧಾರ ಜನಸಂಖ್ಯೆಯೇ ಹೊರತು ಮತದಾರರ ಪಟ್ಟಿಯಲ್ಲ. ಮಕ್ಕಳೂ ಎಣಿಕೆಯಲ್ಲಿ ಸೇರುತ್ತಾರೆ. ಜನಗಣತಿ ಒಬ್ಬ ವ್ಯಕ್ತಿಯನ್ನು ಸಾಮಾನ್ಯವಾಗಿ ವಾಸಿಸುವ ಜಾಗದಲ್ಲಿ ಎಣಿಸುತ್ತದೆ. ಹುಟ್ಟೂರು, ಮತದಾರರ ಗುರುತಿನ ಚೀಟಿಯ ವಿಳಾಸ ಇದಕ್ಕೆ ಸಂಬಂಧಿಸಿದ್ದಲ್ಲ. ಆದ್ದರಿಂದ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವ ಬಿಹಾರದ ಕುಟುಂಬ ಇಲ್ಲಿಯೇ ನೆಲೆಸಿದ್ದರೆ ಕರ್ನಾಟಕದ ಲೆಕ್ಕಕ್ಕೆ, ಮುಂಬೈಯಲ್ಲಿ ನೆಲೆಸಿದ ಕನ್ನಡಿಗರ ಕುಟುಂಬ ಮಹಾರಾಷ್ಟ್ರದ ಲೆಕ್ಕಕ್ಕೆ ಬರುತ್ತದೆ. ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಯಾವ ರಾಜ್ಯದ ಲೆಕ್ಕಕ್ಕೂ ಬರುವುದಿಲ್ಲ.

ಎಣಿಕೆದಾರರು ಬಂದಾಗ ನೀವು ಮಾಡಬೇಕಾದುದು: ಮನೆಯಲ್ಲಿ ವಾಸಿಸುವ ಎಲ್ಲರನ್ನೂ, ಹಸುಗೂಸು ಮತ್ತು ವೃದ್ಧರನ್ನೂ ಸೇರಿಸಿ, ತಪ್ಪದೆ ಹೇಳುವುದು, ಊರಿನಲ್ಲೂ ನಗರದಲ್ಲೂ ಎರಡು ಕಡೆ ಬರೆಸದಿರುವುದು, ಬಾಡಿಗೆ ಕೋಣೆ, ಪಿ.ಜಿ., ಕಾರ್ಮಿಕರ ಶೆಡ್ಡುಗಳಲ್ಲಿ ಇರುವವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ವಲಸೆ ಬಂದವರನ್ನು ಎಣಿಕೆಯಿಂದ ಹೊರಗಿಡಬೇಕೆಂದು ಬಯಸುವವರು, ಅದರಿಂದ ಕರ್ನಾಟಕದ ಪಾಲೇ ಕಡಿಮೆಯಾಗುತ್ತದೆ ಎಂಬುದನ್ನು ಅರಿಯಬೇಕು.

ಹಂತ 9: ಕರಡು ಪ್ರಕಟವಾದಾಗ ಸಮಯ ಕಳೆಯಬೇಡಿ

ಹಿಂದಿನ ಕಾಯ್ದೆಯ ಪ್ರಕಾರ ಮರುವಿಂಗಡಣಾ ಆಯೋಗದಲ್ಲಿ ಸುಪ್ರೀಂ ಕೋರ್ಟ್‌ನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರಾಗಿ, ಮುಖ್ಯ ಚುನಾವಣಾ ಆಯುಕ್ತರು ಅಥವಾ ಅವರು ಹೆಸರಿಸಿದ ಆಯುಕ್ತರು ಮತ್ತು ಆಯಾ ರಾಜ್ಯದ ಚುನಾವಣಾ ಆಯುಕ್ತರು ಸದಸ್ಯರಾಗಿ ಇರುತ್ತಾರೆ. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹಸದಸ್ಯರಾಗಿರುತ್ತಾರೆ. ಅವರಿಗೆ ಮಾತಿನ ಹಕ್ಕಿದೆ, ಮತದ ಹಕ್ಕಿಲ್ಲ. ಆಯೋಗ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ದಿನಾಂಕ ಗೊತ್ತುಮಾಡಿ, ಬಹಿರಂಗ ಸಭೆಗಳನ್ನು ನಡೆಸುತ್ತದೆ.

ಆಕ್ಷೇಪಣೆ ಬರೆಯುವಾಗ "ನಮ್ಮ ಊರಿಗೆ ಅನ್ಯಾಯವಾಗಿದೆ" ಎಂಬ ಒಂದು ಸಾಲು ಸಾಲದು. ಕಾಯ್ದೆ ಗುರುತಿಸುವ ಅಳತೆಗೋಲುಗಳನ್ನೇ ಹಿಡಿಯಿರಿ: ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕರ ಅನುಕೂಲ. ಯಾವ ಹೋಬಳಿಯನ್ನು ಯಾವ ಕ್ಷೇತ್ರದಿಂದ ತೆಗೆದು ಎಲ್ಲಿಗೆ ಸೇರಿಸಬೇಕು, ಹಾಗೆ ಮಾಡಿದರೆ ಎರಡೂ ಕ್ಷೇತ್ರಗಳ ಜನಸಂಖ್ಯೆ ಎಷ್ಟಾಗುತ್ತದೆ, ನಡುವೆ ನದಿಯೋ ಘಟ್ಟವೋ ಇದೆಯೇ, ತಾಲ್ಲೂಕು ಕೇಂದ್ರಕ್ಕೆ ನೇರ ಬಸ್ಸಿದೆಯೇ ಎಂಬುದನ್ನು ಅಂಕಿಯೊಂದಿಗೆ ಬರೆಯಿರಿ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡಲೇಬೇಕು. ಪಕ್ಕದ ಕ್ಷೇತ್ರದ ಲೆಕ್ಕವನ್ನು ತೋರಿಸದ ಅರ್ಜಿಗೆ ತೂಕ ಬರುವುದಿಲ್ಲ.

ಮೀಸಲು ಕ್ಷೇತ್ರಗಳನ್ನೂ ಪರಿಶೀಲಿಸಿ. ಇಂದು ಕರ್ನಾಟಕದ ಲೋಕಸಭಾ ಸ್ಥಾನಗಳಲ್ಲಿ 5 ಪರಿಶಿಷ್ಟ ಜಾತಿಗೆ, 2 ಪರಿಶಿಷ್ಟ ಪಂಗಡಕ್ಕೆ ಮೀಸಲು. ವಿಧಾನಸಭೆಯಲ್ಲಿ ಕ್ರಮವಾಗಿ 36 ಮತ್ತು 15. 2023ರ 106ನೇ ತಿದ್ದುಪಡಿಯ ಪಠ್ಯದ ಪ್ರಕಾರ ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿಯೂ ಜನಗಣತಿ ಮತ್ತು ಮರುವಿಂಗಡಣೆಯ ಬಳಿಕವೇ ಜಾರಿಗೆ ಬರಬೇಕು. ಹೀಗಾಗಿ ಮರುವಿಂಗಡಣೆ ಎಷ್ಟು ತಡವಾಗುತ್ತದೆಯೋ ಆ ಮೀಸಲಾತಿಯೂ ಅಷ್ಟು ತಡವಾಗುತ್ತದೆ.

ಎಚ್ಚರಿಕೆ: ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ಲೋಕಸಭೆ ಮತ್ತು ವಿಧಾನಸಭೆಗಳ ಮುಂದೆ ಇಡುತ್ತಾರೆ, ಆದರೆ ಸದನಗಳು ಅದರಲ್ಲಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ನ್ಯಾಯಾಲಯದ ಮಧ್ಯಪ್ರವೇಶವನ್ನು 329ನೇ ವಿಧಿ ತಡೆಯುತ್ತದೆ. ಆದೇಶ ಸ್ಪಷ್ಟವಾಗಿ ಮನಸೋಇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಹೊಂದದಿದ್ದರೆ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದರೂ, ಆ ಬಾಗಿಲು ಬಹಳ ಕಿರಿದು. ಆದ್ದರಿಂದ ನಿಮ್ಮ ತಾಲ್ಲೂಕಿನ 2011ರ ಹೋಬಳಿವಾರು ಜನಸಂಖ್ಯೆಯನ್ನು ಇಂದೇ ಬರೆದಿಟ್ಟುಕೊಳ್ಳಿ. ಹೊಸ ಜನಗಣತಿಯ ಅಂಕಿ ಬಂದ ದಿನ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಆಕ್ಷೇಪಣೆಗೆ ಬೇಕಾದ ಮೊದಲ ಪುಟ ಸಿದ್ಧವಾಗಿರುತ್ತದೆ.